ಸಾಕು ಟ್ಯಾರಂಟುಲಾಗಳಿಗೆ ನೀರು ಮತ್ತು ಆರ್ದ್ರತೆ

ಸಾಕು ಟ್ಯಾರಂಟುಲಾಗಳಿಗೆ ನೀರು ಮತ್ತು ಆರ್ದ್ರತೆಯನ್ನು ಒದಗಿಸುವುದು ಥೆರಫೋಸಿಡೇ ಕುಟುಂಬದ ದೊಡ್ಡ ಜೇಡಗಳ ಆರೈಕೆಯ ಒಂದು ಪ್ರಧಾನ ಅಂಗವಾಗಿದೆ. ಮನೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಮತ್ತು ಮೃಗಾಲಯಗಳಲ್ಲಿ ಸಾಕಲಾಗುವ ಈ ಜೇಡಗಳು ಆಹಾರವಿಲ್ಲದೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಬಲ್ಲವು. ಆದರೆ ದೇಹದಲ್ಲಿ ನೀರು ಕಡಿಮೆಯಾದಾಗ ಅವು ಕಾಲು ಚಾಚಲಾರವು, ಪೊರೆ ಕಳಚಲಾರವು, ಕೊನೆಗೆ ಸಾಯುತ್ತವೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ತೇವ ಅತಿಯಾದರೂ ಅವುಗಳಿಗೆ ಅಪಾಯವಿದೆ. ಈ ಕಾರಣದಿಂದ ಸದಾ ಲಭ್ಯವಿರುವ ಕುಡಿಯುವ ನೀರು, ಪ್ರಭೇದಕ್ಕೆ ತಕ್ಕಷ್ಟು ತೇವವಿರುವ ತಳಹಾಸು ಮತ್ತು ಸಾಕಷ್ಟು ಗಾಳಿಯಾಟ ಇವು ಮೂರೂ ಒಟ್ಟಿಗೆ ಇರಬೇಕಾಗುತ್ತದೆ.

ಹಿನ್ನೆಲೆ

'ಟ್ಯಾರಂಟುಲಾ' ಎಂಬ ಹೆಸರು ಇಟಲಿಯ ಟಾರಾಂಟೋ ನಗರದಿಂದ ಬಂದಿದೆ. ಮೊದಲಿಗೆ ಅದು ಆ ಪ್ರದೇಶದ ಒಂದು ತೋಳಜೇಡಕ್ಕೆ ಸಲ್ಲುತ್ತಿತ್ತು. ಅನಂತರ ಅಮೆರಿಕ ಖಂಡಗಳಲ್ಲಿ ಕಂಡುಬಂದ ದೊಡ್ಡ, ರೋಮಭರಿತ ಜೇಡಗಳಿಗೂ ಅದೇ ಹೆಸರು ಬಳಕೆಗೆ ಬಂದಿತು. ಇಂದು ಈ ಹೆಸರಿನಿಂದ ಗುರುತಿಸಲಾಗುವ ಥೆರಫೋಸಿಡೇ ಕುಟುಂಬದಲ್ಲಿ ಒಂದು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಮರುಭೂಮಿ, ಹುಲ್ಲುಗಾವಲು, ಕುರುಚಲು ಕಾಡು ಮತ್ತು ಮಳೆಕಾಡುಗಳಲ್ಲಿ ಅವು ನೆಲೆಸಿವೆ.

ಅಮೆರಿಕದ ವಿಜ್ಞಾನಿ ವಿಲಿಯಂ ಜೆ. ಬೇರ್ಗ್ ಅವರು ಟ್ಯಾರಂಟುಲಾಗಳನ್ನು ದೀರ್ಘಕಾಲ ಸಾಕಿ ಅಭ್ಯಸಿಸಿದವರಲ್ಲಿ ಒಬ್ಬರು. ಅವರ 'ದಿ ಟ್ಯಾರಂಟುಲಾ' ಎಂಬ ಕೃತಿ 1958ರಲ್ಲಿ ಪ್ರಕಟವಾಯಿತು. ಮುಂದಿನ ದಶಕಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಯುರೋಪಿನಲ್ಲಿ ಇವುಗಳನ್ನು ಸಾಕುವ ಹವ್ಯಾಸ ಹರಡಿತು. ಸ್ಟ್ಯಾನ್ಲಿ ಶುಲ್ಟ್ಸ್ ಮತ್ತು ಮಾರ್ಗರೀಟ್ ಶುಲ್ಟ್ಸ್ ಅವರ 'ದಿ ಟ್ಯಾರಂಟುಲಾ ಕೀಪರ್ಸ್ ಗೈಡ್' 1984ರಲ್ಲಿ ಹೊರಬಂದಿತು; ಹವ್ಯಾಸಿಗಳಲ್ಲಿ ಬಹಳವಾಗಿ ಬಳಕೆಯಾದ ಕೈಪಿಡಿಗಳಲ್ಲಿ ಇದೂ ಒಂದು. ಬಟ್ಟಲಿನಲ್ಲಿ ಸ್ಪಂಜು ಇಡುವುದು, ಪೆಟ್ಟಿಗೆಗೆ ದಿನವೂ ನೀರು ಚಿಮುಕಿಸುವುದು, ಎಲ್ಲ ಪ್ರಭೇದಗಳಿಗೂ ಹೆಚ್ಚಿನ ಆರ್ದ್ರತೆ ನೀಡುವುದು ಮುಂತಾದ ಹಿಂದಿನ ರೂಢಿಗಳು ಕಾಲಕ್ರಮದಲ್ಲಿ ಪ್ರಶ್ನೆಗೊಳಗಾಗಿವೆ.

ಶರೀರರಚನೆ ಮತ್ತು ನೀರು

ನೀರಿನ ನಷ್ಟ

ಟ್ಯಾರಂಟುಲಾದ ದೇಹವನ್ನು ಗಟ್ಟಿಯಾದ ಹೊರಕವಚ ಆವರಿಸಿರುತ್ತದೆ. ಈ ಕವಚದ ಅತ್ಯಂತ ಹೊರಪದರದಲ್ಲಿರುವ ಮೇಣದಂತಹ ಅಂಶವು ನೀರು ಆವಿಯಾಗಿ ಹೋಗುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಹೊಟ್ಟೆಯ ಕೆಳಭಾಗದಲ್ಲಿ ಎರಡು ಜೊತೆ ಪುಸ್ತಕ ಶ್ವಾಸಕೋಶಗಳಿವೆ. ಪುಸ್ತಕದ ಹಾಳೆಗಳಂತೆ ಜೋಡಣೆಯಾದ ತೆಳುಪೊರೆಗಳ ನಡುವೆ ಗಾಳಿ ಸುಳಿದಾಡುವುದರಿಂದ ಇವಕ್ಕೆ ಈ ಹೆಸರು ಬಂದಿದೆ. ಉಸಿರಾಟಕ್ಕೆ ಈ ಪೊರೆಗಳು ತೇವವಾಗಿರಬೇಕು. ಹೀಗಾಗಿ ಗಾಳಿಯೊಂದಿಗೆ ಸ್ವಲ್ಪ ನೀರೂ ಹೊರಹೋಗುತ್ತದೆ. ಮಲವಿಸರ್ಜನೆಯಲ್ಲಿ ಜೇಡಗಳು ನೀರನ್ನು ಮಿತವಾಗಿ ಬಳಸುತ್ತವೆ. ಸಾರಜನಕಯುಕ್ತ ತ್ಯಾಜ್ಯವನ್ನು ಅವು ಮುಖ್ಯವಾಗಿ ನೀರಿನಲ್ಲಿ ಸುಲಭವಾಗಿ ಕರಗದ ಗ್ವಾನೀನ್ ರೂಪದಲ್ಲಿ ಹೊರಹಾಕುತ್ತವೆ.

ಕಾಲುಗಳ ಚಲನೆ

ಜೇಡಗಳ ಕಾಲಿನ ಎರಡು ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯುಗಳಿವೆ, ಆದರೆ ಚಾಚುವ ಸ್ನಾಯುಗಳಿಲ್ಲ. ದೇಹದಲ್ಲಿರುವ ರಕ್ತದ್ರವವನ್ನು ಒತ್ತಡದಿಂದ ಕಾಲುಗಳೊಳಕ್ಕೆ ತಳ್ಳಿದಾಗ ಈ ಕೀಲುಗಳು ನೇರವಾಗುತ್ತವೆ. ದೇಹದ ನೀರು ಕುಗ್ಗಿದರೆ ಈ ಒತ್ತಡವೂ ಕುಗ್ಗುತ್ತದೆ. ಆಗ ಮಡಚುವ ಸ್ನಾಯುಗಳಿಗೆ ಎದುರು ಬಲವಿಲ್ಲದೆ ಕಾಲುಗಳು ದೇಹದ ಅಡಿಗೆ ಸುರುಟಿಕೊಳ್ಳುತ್ತವೆ. ಸತ್ತ ಜೇಡದ ಕಾಲುಗಳು ಮುದುಡಿರುವುದಕ್ಕೂ ಇದೇ ಕಾರಣ.

ನೀರು ಪಡೆಯುವ ಬಗೆ

ಟ್ಯಾರಂಟುಲಾಗಳು ಬೇಟೆಯ ದೇಹವನ್ನು ಜೀರ್ಣರಸದಿಂದ ಕರಗಿಸಿ ದ್ರವರೂಪದಲ್ಲಿ ಹೀರುತ್ತವೆ. ಚಿಮ್ಮಂಡೆ, ಜಿರಲೆ ಮುಂತಾದ ಕೀಟಗಳಲ್ಲಿರುವ ನೀರು ಹೀಗೆ ಜೇಡಕ್ಕೆ ದೊರೆಯುತ್ತದೆ. ಇದರ ಜೊತೆಗೆ ಅವು ನೇರವಾಗಿಯೂ ನೀರು ಕುಡಿಯುತ್ತವೆ. ಕುಡಿಯುವಾಗ ಜೇಡವು ದೇಹದ ಮುಂಭಾಗವನ್ನು ಬಗ್ಗಿಸಿ, ವಿಷದಂತಗಳ ಬುಡದ ಹಿಂದಿರುವ ಬಾಯಿಯನ್ನು ನೀರಿಗೆ ತಾಗಿಸಿ, ಹೀರುವ ಜಠರದ ನೆರವಿನಿಂದ ನೀರನ್ನು ಒಳಗೆಳೆಯುತ್ತದೆ. ಈ ಭಂಗಿಯಲ್ಲಿ ಅದು ಬಹಳ ಹೊತ್ತು ಅಲುಗಾಡದೆ ಇರಬಹುದು. ಗಾಳಿಯಲ್ಲಿರುವ ತೇವವು ನೀರಿನ ನಷ್ಟವನ್ನು ನಿಧಾನಗೊಳಿಸುತ್ತದೆಯೇ ಹೊರತು ಕುಡಿಯುವ ನೀರಿಗೆ ಬದಲಿಯಾಗುವುದಿಲ್ಲ.

ಆರ್ದ್ರತೆಯ ಅಳತೆ

ಆರೈಕೆಯ ಕೈಪಿಡಿಗಳಲ್ಲಿ ಆರ್ದ್ರತೆಯನ್ನು ಸಾಮಾನ್ಯವಾಗಿ ಶೇಕಡಾವಾರು ಸಂಖ್ಯೆಯಲ್ಲಿ ಸೂಚಿಸುವುದುಂಟು. ಈ ಸಂಖ್ಯೆಯು ಸಾಪೇಕ್ಷ ಆರ್ದ್ರತೆಯನ್ನು, ಅಂದರೆ ಆ ಉಷ್ಣಾಂಶದಲ್ಲಿ ಗಾಳಿಯು ಹಿಡಿದಿಡಬಲ್ಲ ಗರಿಷ್ಠ ನೀರಾವಿಯಲ್ಲಿ ಎಷ್ಟು ಭಾಗ ಇದೆ ಎಂಬುದನ್ನು ತಿಳಿಸುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯು ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಈ ಪ್ರಮಾಣ ಸುಮಾರು 30 ಗ್ರಾಂ ಆಗುತ್ತದೆ. ಆದುದರಿಂದ 20 ಡಿಗ್ರಿಯಲ್ಲಿ ಪೂರ್ಣವಾಗಿ ಆರ್ದ್ರವಾಗಿದ್ದ ಗಾಳಿಯನ್ನು ಅಷ್ಟೇ ನೀರಾವಿಯೊಂದಿಗೆ 30 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಶೇ. 60ಕ್ಕಿಂತ ಕೆಳಗಿಳಿಯುತ್ತದೆ. ಕಾಯಿಸುವ ದೀಪ ಅಥವಾ ತಾಪಕವನ್ನು ಬಳಸಿದಾಗ ಪೆಟ್ಟಿಗೆ ಬೇಗ ಒಣಗುವುದಕ್ಕೆ ಇದು ಒಂದು ಕಾರಣ. ಚಳಿದೇಶಗಳಲ್ಲಿ ಚಳಿಗಾಲದಲ್ಲಿ ಕಾಯಿಸಿದ ಕೋಣೆಗಳ ಗಾಳಿಯೂ ಇದೇ ಕಾರಣದಿಂದ ಒಣಗಿರುತ್ತದೆ.

ಆರ್ದ್ರತಾಮಾಪಕವು ತಾನಿರುವ ಜಾಗದ ಸ್ಥಿತಿಯನ್ನು ಮಾತ್ರ ತೋರಿಸುತ್ತದೆ. ಪೆಟ್ಟಿಗೆಯ ಗೋಡೆಗೆ ಅಂಟಿಸಿದ ಮಾಪಕದಲ್ಲಿ ಕಾಣುವ ಸಂಖ್ಯೆಗೂ ಬಿಲದೊಳಗಿನ ಸ್ಥಿತಿಗೂ ಬಹಳ ಅಂತರವಿರಬಹುದು. ಅಗ್ಗದ ಮುಳ್ಳಿನ ಮಾಪಕಗಳು ತಪ್ಪು ತೋರಿಸುವುದೂ ಉಂಟು. ನಿಸರ್ಗದಲ್ಲಿಯೂ ಬಿಲದ ಹೊರಗೆ ಸುಡುಬಿಸಿಲಿದ್ದಾಗ ಒಳಗಿನ ಗಾಳಿ ತಂಪಾಗಿಯೂ ತೇವವಾಗಿಯೂ ಇರುತ್ತದೆ. ಆದ್ದರಿಂದ ಒಂದು ಸಂಖ್ಯೆಯನ್ನು ಕಾಯ್ದುಕೊಳ್ಳಲು ಪ್ರಯತ್ನಿಸುವುದಕ್ಕಿಂತ, ಪೆಟ್ಟಿಗೆಯಲ್ಲಿ ಒಣ ಭಾಗ ಮತ್ತು ತೇವ ಭಾಗ ಎರಡನ್ನೂ ಕಲ್ಪಿಸಿ, ಜೇಡವು ತನಗೆ ಬೇಕಾದುದನ್ನು ಆರಿಸಿಕೊಳ್ಳಲು ಅವಕಾಶ ನೀಡುವುದು ಹೆಚ್ಚು ವಿಶ್ವಾಸಾರ್ಹ ವಿಧಾನವಾಗಿದೆ.

ನೀರಿನ ಬಟ್ಟಲು

ಬೆಳೆದ ಟ್ಯಾರಂಟುಲಾದ ಪೆಟ್ಟಿಗೆಯಲ್ಲಿ ಅಗಲವಾದ, ಆಳವಿಲ್ಲದ, ಸುಲಭವಾಗಿ ಮಗುಚದ ಬಟ್ಟಲು ಸದಾ ಇರಬೇಕು. ಒಣ ಪ್ರದೇಶದ ಪ್ರಭೇದಗಳಿಗೂ ಇದು ಅನ್ವಯಿಸುತ್ತದೆ. ಜೇಡ ಕುಡಿಯುವುದು ಕಣ್ಣಿಗೆ ಬೀಳದಿರುವುದರಿಂದ ಅದಕ್ಕೆ ನೀರು ಬೇಡವೆಂದು ಭಾವಿಸುವುದು ತಪ್ಪು. ಇವು ಹೆಚ್ಚಾಗಿ ರಾತ್ರಿಯಲ್ಲಿ ಸಂಚರಿಸುವ ಜೀವಿಗಳು.

ಬಟ್ಟಲಿನಲ್ಲಿ ಸ್ಪಂಜು ಅಥವಾ ಹತ್ತಿ ಇಡುವ ಹಳೆಯ ರೂಢಿಯನ್ನು ಈಗ ಸಾಮಾನ್ಯವಾಗಿ ಕೈಬಿಡಲಾಗಿದೆ. ಜೇಡಕ್ಕೆ ತೆರೆದ ನೀರನ್ನು ಕುಡಿಯಲು ಯಾವ ತೊಡಕೂ ಇಲ್ಲ. ಸ್ಪಂಜಿನಲ್ಲಾದರೋ ಆಹಾರದ ಚೂರು ಮತ್ತು ಕೊಳೆ ಸೇರಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಬೆಳೆದ ಜೇಡವು ಆಳವಿಲ್ಲದ ಬಟ್ಟಲಿನಲ್ಲಿ ಮುಳುಗಿ ಸಾಯುವ ಸಂಭವ ಬಹಳ ಕಡಿಮೆ. ಅದರ ರೋಮಗಳು ನೀರನ್ನು ದೂರ ತಳ್ಳುತ್ತವೆ. ಉಸಿರಾಟದ ರಂಧ್ರಗಳು ಬಾಯಿಯ ಬಳಿಯಲ್ಲದೆ ಹೊಟ್ಟೆಯ ಅಡಿಯಲ್ಲಿರುತ್ತವೆ. ಬಟ್ಟಲಿನಲ್ಲಿ ಹಾಕುವ ಒಂದೆರಡು ಬೆಣಚುಕಲ್ಲುಗಳು ಆಹಾರಕ್ಕಾಗಿ ಬಿಟ್ಟ ಕೀಟಗಳು ಮುಳುಗಿ ಕೊಳೆಯದಂತೆ ತಡೆಯುತ್ತವೆ.

ನಲ್ಲಿಯ ಕುಡಿಯುವ ನೀರನ್ನೇ ಅನೇಕರು ಬಳಸುತ್ತಾರೆ. ಗಡಸು ನೀರು ಬಟ್ಟಲು ಮತ್ತು ಗಾಜಿನ ಮೇಲೆ ಬಿಳಿಯ ಕಲೆಗಳನ್ನು ಉಳಿಸುತ್ತದೆ. ಕೆಲವು ಜೇಡಗಳು ಬಟ್ಟಲಿಗೆ ಮಣ್ಣು ತುಂಬುತ್ತವೆ, ಉಂಡುಳಿದ ಬೇಟೆಯ ಉಂಡೆಯನ್ನು ಅದರಲ್ಲಿ ಹಾಕುತ್ತವೆ ಅಥವಾ ಅದರ ಮೇಲೆ ಬಲೆ ನೇಯುತ್ತವೆ. ಆದ್ದರಿಂದ ಬಟ್ಟಲನ್ನು ಆಗಾಗ ನೋಡಿ, ಕೊಳೆಯಾದಾಗ ತೊಳೆದು ನೀರನ್ನು ಬದಲಿಸಬೇಕು. ಉದ್ದನೆಯ ಇಕ್ಕಳ ಬಳಸುವುದು ಸಾಕುವವರಿಗೂ ಜೇಡಕ್ಕೂ ಸುರಕ್ಷಿತ.

ತಳಹಾಸು

ಪೆಟ್ಟಿಗೆಯ ತಳಕ್ಕೆ ಹಾಸುವ ಮಣ್ಣು ಅಥವಾ ನಾರಿನ ಪದರವು ತೇವವನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಕೆಲಸ ಮಾಡುತ್ತದೆ. ತೆಂಗಿನ ನಾರಿನಿಂದ ತಯಾರಿಸುವ ಕೊಕೊಪೀಟ್, ರಾಸಾಯನಿಕ ಬೆರೆಸದ ತೋಟದ ಮಣ್ಣು, ಪೀಟ್ ಪಾಚಿ, ವರ್ಮಿಕ್ಯುಲೈಟ್ ಮತ್ತು ಇವುಗಳ ಮಿಶ್ರಣಗಳು ಬಳಕೆಯಲ್ಲಿವೆ. ಗೊಬ್ಬರ ಅಥವಾ ಕೀಟನಾಶಕ ಸೇರಿದ ಮಣ್ಣು ನಿಷಿದ್ಧ.

ತೇವದ ಮಟ್ಟವನ್ನು ಕೈಯಿಂದಲೇ ಅಳೆಯಬಹುದು. ಒಂದು ಹಿಡಿ ತಳಹಾಸನ್ನು ಮುಷ್ಟಿಯಲ್ಲಿ ಹಿಸುಕಿದಾಗ ಅದು ಉಂಡೆಯಾಗಿ ನಿಲ್ಲಬೇಕು, ಆದರೆ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ತೇವಪ್ರಿಯ ಪ್ರಭೇದಗಳಿಗೆ ಇಷ್ಟು ತೇವ ಸಾಕಾಗುತ್ತದೆ. ನೀರು ಸೇರಿಸುವಾಗ ಇಡೀ ಮೇಲ್ಮೈಯನ್ನು ನೆನೆಸುವ ಬದಲು ಒಂದು ಮೂಲೆಯಲ್ಲಿ ನಿಧಾನವಾಗಿ ಸುರಿದರೆ ನೀರು ಕೆಳಪದರಕ್ಕೆ ಇಳಿಯುತ್ತದೆ. ಆಗ ಮೇಲ್ಪದರ ಬಹುಪಾಲು ಒಣಗಿದ್ದು, ಕೆಳಗೆ ತೇವ ಉಳಿಯುತ್ತದೆ. ಬಿಲ ತೋಡುವ ಜೇಡವು ತನಗೆ ಬೇಕಾದ ತೇವವಿರುವ ಆಳಕ್ಕೆ ಇಳಿದು ನೆಲೆಸುತ್ತದೆ. ತಳಹಾಸು ತೆಳುವಾಗಿದ್ದರೆ ಈ ಅನುಕೂಲ ದೊರೆಯದು.

ಗಾಳಿಯಾಟ

ಆರ್ದ್ರತೆಯನ್ನು ಹೆಚ್ಚಿಸಲು ಗಾಳಿಯ ರಂಧ್ರಗಳನ್ನು ಮುಚ್ಚುವುದು ಸಾಮಾನ್ಯವಾಗಿ ಕಂಡುಬರುವ, ಆದರೆ ಅಪಾಯಕರವಾದ ಕ್ರಮ. ಗಾಳಿ ಕದಲದಿದ್ದಲ್ಲಿ ಗೋಡೆಗಳ ಮೇಲೆ ನೀರು ಹನಿಗಟ್ಟುತ್ತದೆ, ಉಳಿದ ಆಹಾರ ಬೇಗ ಕೊಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆಯ ಎದುರುಬದುರು ಗೋಡೆಗಳಲ್ಲಿ ರಂಧ್ರಗಳಿದ್ದರೆ ಗಾಳಿ ಅಡ್ಡಲಾಗಿ ಹಾಯುತ್ತದೆ. ರಂಧ್ರಗಳು ಜೇಡದ ದೇಹದ ಮುಂಭಾಗಕ್ಕಿಂತ ಚಿಕ್ಕದಾಗಿರಬೇಕು. ಇಲ್ಲವಾದರೆ ಅದು ನುಸುಳಿ ಹೊರಬರಬಹುದು.

ಇಡೀ ಮುಚ್ಚಳವೇ ಜಾಲರಿಯಾಗಿದ್ದರೆ ತೇವ ಬೇಗ ಹೊರಟುಹೋಗುತ್ತದೆ. ಅಲ್ಲದೆ ಲೋಹದ ಜಾಲರಿಯಲ್ಲಿ ಜೇಡದ ಪಾದದ ಉಗುರುಗಳು ಸಿಕ್ಕಿಕೊಳ್ಳುವ ಅಪಾಯವಿದೆ. ನೆಲವಾಸಿ ಟ್ಯಾರಂಟುಲಾಗಳು ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯಬಹುದು.

ನೀರು ಚಿಮುಕಿಸುವುದು

ಗೋಡೆ, ಎಲೆ ಅಥವಾ ಬಲೆಯ ಮೇಲೆ ಚಿಮುಕಿಸಿದ ನೀರಿನ ಹನಿಗಳನ್ನು ಮರವಾಸಿ ಜೇಡಗಳು ಮತ್ತು ಮರಿಗಳು ಕುಡಿಯುತ್ತವೆ. ಆದರೆ ಈ ನೀರು ಕೆಲವೇ ಗಂಟೆಗಳಲ್ಲಿ ಆವಿಯಾಗುವುದರಿಂದ ತೇವದ ಸ್ಥಿರ ಮೂಲವಾಗಲಾರದು. ನೇರವಾಗಿ ಜೇಡದ ಮೈಮೇಲೆ ಚಿಮುಕಿಸಬಾರದು. ಹಠಾತ್ತಾಗಿ ಬೀಳುವ ನೀರಿಗೆ ಬೆದರಿ ಅದು ಓಡಬಹುದು ಇಲ್ಲವೆ ಮುಂಗಾಲುಗಳನ್ನೆತ್ತಿ ರಕ್ಷಣಾ ಭಂಗಿ ತಾಳಬಹುದು.

ಪ್ರಭೇದಗಳಿಗೆ ತಕ್ಕ ವ್ಯವಸ್ಥೆ

ಒಣ ಪ್ರದೇಶದ ಪ್ರಭೇದಗಳು: ಚಿಲಿ ದೇಶದ ಗ್ರಾಮೊಸ್ಟೋಲಾ ರೋಸಿಯಾ, ಅಮೆರಿಕದ ಅರಿಜೋನಾದ ಸೊನೋರಾ ಮರುಭೂಮಿಯಲ್ಲಿರುವ ಅಫೊನೊಪೆಲ್ಮಾ ಚಾಲ್ಕೋಡೆಸ್ ಮುಂತಾದವು ಈ ಗುಂಪಿಗೆ ಸೇರುತ್ತವೆ. ಇವುಗಳಿಗೆ ಒಣ ತಳಹಾಸು, ಅಡಗುದಾಣ ಮತ್ತು ಸದಾ ತುಂಬಿದ ನೀರಿನ ಬಟ್ಟಲು ಸಾಕು. ಒದ್ದೆ ನೆಲದ ಮೇಲೆ ಕಾಲಿಡಲು ಇವು ಹಿಂಜರಿಯುತ್ತವೆ.

ಋತುಮಾನದ ಮಳೆ ಕಾಣುವ ಪ್ರಭೇದಗಳು: ಮೆಕ್ಸಿಕೋದ ಪೆಸಿಫಿಕ್ ಕರಾವಳಿ ಭಾಗದ ಬ್ರಾಕಿಪೆಲ್ಮಾ ಕುಲದ ಕೆಂಪುಮಂಡಿ ಟ್ಯಾರಂಟುಲಾಗಳು ಮಳೆಗಾಲ ಮತ್ತು ದೀರ್ಘ ಒಣಹವೆ ಎರಡನ್ನೂ ಕಾಣುತ್ತವೆ. ಬಟ್ಟಲಿನ ಸುತ್ತಲಿನ ತಳಹಾಸನ್ನು ಆಗೊಮ್ಮೆ ಈಗೊಮ್ಮೆ ನೆನೆಸಿ, ಮತ್ತೆ ಒಣಗಲು ಬಿಡುವುದು ಇವುಗಳಿಗೆ ಹೊಂದುತ್ತದೆ.

ಮಳೆಕಾಡಿನ ನೆಲವಾಸಿಗಳು: ದಕ್ಷಿಣ ಅಮೆರಿಕದ ಉತ್ತರ ಭಾಗದ ಥೆರಫೋಸಾ ಬ್ಲಾಂಡಿ ಜಗತ್ತಿನ ಅತಿ ದೊಡ್ಡ ಜೇಡಗಳಲ್ಲೊಂದು. ಮಳೆಕಾಡಿನ ತೇವವಾದ ನೆಲದಲ್ಲಿ ಇದರ ಬಿಲಗಳಿರುತ್ತವೆ. ಆಳವಾದ, ನಿರಂತರವಾಗಿ ತೇವವಿರುವ ತಳಹಾಸು ಮತ್ತು ದೊಡ್ಡ ಬಟ್ಟಲು ಇದಕ್ಕೆ ಅಗತ್ಯ. ತಳಹಾಸು ಸಂಪೂರ್ಣ ಒಣಗಿದರೆ ಪೊರೆ ಕಳಚುವಾಗ ತೊಂದರೆಯಾಗುತ್ತದೆ. ಆಗ್ನೇಯ ಏಷ್ಯಾದ ಸೈರಿಯೊಪಾಗೊಪಸ್ ಕುಲದ ಬಿಲವಾಸಿಗಳಿಗೂ ಆಳವಾದ ತೇವ ಮಣ್ಣು ಬೇಕು.

ಮರವಾಸಿಗಳು: ದಕ್ಷಿಣ ಅಮೆರಿಕದ ಅವಿಕ್ಯುಲೇರಿಯಾ ಕುಲದವು ಮರಗಳಲ್ಲಿ ನೆಲದಿಂದ ಮೇಲೆ ಬಲೆಯ ಗೂಡು ಕಟ್ಟುತ್ತವೆ. ಮಳೆಕಾಡಿನವು ಎಂಬ ಕಾರಣಕ್ಕೆ ಇವನ್ನು ಮುಚ್ಚಿದ, ಒದ್ದೆಯಾದ ಪೆಟ್ಟಿಗೆಯಲ್ಲಿಟ್ಟಾಗ ಮರಿಗಳು ಹಠಾತ್ತನೆ ಸಾಯುತ್ತವೆಂಬುದು ಹವ್ಯಾಸಿಗಳಲ್ಲಿ ವ್ಯಾಪಕವಾಗಿರುವ ಅನುಭವ. ಮರದ ಮೇಲ್ಭಾಗದಲ್ಲಿ ಗಾಳಿಯು ಸದಾ ಕದಲುತ್ತಿರುತ್ತದೆ. ಇವುಗಳಿಗೆ ಉತ್ತಮ ಗಾಳಿಯಾಟ, ನೀರಿನ ಬಟ್ಟಲು ಮತ್ತು ಬಲೆಯ ಮೇಲೆ ಆಗಾಗ ಕೆಲವು ಹನಿ ನೀರು ಸೂಕ್ತ.

ಮರಿಗಳು

ಮರಿ ಜೇಡಗಳ ದೇಹದ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಆದ್ದರಿಂದ ಅವು ದೊಡ್ಡ ಜೇಡಗಳಿಗಿಂತ ಬೇಗ ನೀರು ಕಳೆದುಕೊಳ್ಳುತ್ತವೆ. ಒಣ ಪ್ರದೇಶದ ಪ್ರಭೇದಗಳ ಮರಿಗಳಿಗೂ ತಳಹಾಸಿನ ಒಂದು ಭಾಗ ತೇವವಾಗಿರಬೇಕು. ತೀರಾ ಚಿಕ್ಕ ಮರಿಗಳು ನೀರಿನ ಮೇಲ್ಮೈಗೆ ಅಂಟಿಕೊಂಡು ಸಿಕ್ಕಿಬೀಳಬಹುದಾದುದರಿಂದ ಅವುಗಳಿಗೆ ಬಟ್ಟಲಿನ ಬದಲು ಡಬ್ಬಿಯ ಗೋಡೆಯ ಮೇಲೆ ಸಣ್ಣ ಹನಿಗಳನ್ನು ಇಡಲಾಗುತ್ತದೆ. ಮರಿ ಸ್ವಲ್ಪ ಬೆಳೆದ ಮೇಲೆ ಬಾಟಲಿಯ ಮುಚ್ಚಳವನ್ನು ಬಟ್ಟಲಾಗಿ ಬಳಸಬಹುದು. ಮರಿಗಳ ಡಬ್ಬಿ ಚಿಕ್ಕದಾಗಿರುವುದರಿಂದ ಬೇಗ ಒಣಗುತ್ತದೆ, ಹೆಚ್ಚು ನೀರು ಹಾಕಿದರೆ ಬೇಗ ಕೆಸರಾಗುತ್ತದೆ. ಹೀಗಾಗಿ ಅವುಗಳನ್ನು ಹೆಚ್ಚು ಬಾರಿ ಗಮನಿಸಬೇಕಾಗುತ್ತದೆ.

ಪೊರೆ ಕಳಚುವ ಅವಧಿ

ಬೆಳೆಯಲು ಟ್ಯಾರಂಟುಲಾ ತನ್ನ ಹೊರಕವಚವನ್ನು ಕಳಚಬೇಕು. ಹಳೆಯ ಕವಚ ಮತ್ತು ಹೊಸ ಕವಚದ ನಡುವೆ ಸ್ರವಿಸುವ ದ್ರವವು ಇವೆರಡನ್ನು ಬೇರ್ಪಡಿಸುತ್ತದೆ. ಬಳಿಕ ರಕ್ತದ್ರವದ ಒತ್ತಡ ಹೆಚ್ಚಿ, ಬೆನ್ನಿನ ಕವಚ ಬಿರುಕುಬಿಟ್ಟು ಮೇಲೇಳುತ್ತದೆ. ಜೇಡವು ಕಾಲುಗಳನ್ನು ಒಂದೊಂದಾಗಿ ಹಳೆಯ ಪೊರೆಯಿಂದ ಎಳೆದುಕೊಳ್ಳುತ್ತದೆ. ಈ ಎಲ್ಲ ಹಂತಗಳಿಗೂ ದೇಹದಲ್ಲಿ ಸಾಕಷ್ಟು ನೀರಿರಬೇಕು. ನೀರಿನ ಕೊರತೆಯಿದ್ದರೆ ಕಾಲುಗಳು ಪೊರೆಯಲ್ಲಿ ಸಿಕ್ಕಿಕೊಂಡು ತುಂಡಾಗಬಹುದು ಅಥವಾ ಜೇಡ ಸಾಯಬಹುದು.

ಪೊರೆ ಕಳಚುವ ಮುನ್ನ ಜೇಡವು ಆಹಾರ ನಿರಾಕರಿಸುತ್ತದೆ. ಅಮೆರಿಕ ಖಂಡಗಳ ಅನೇಕ ಪ್ರಭೇದಗಳಲ್ಲಿ ಹೊಟ್ಟೆಯ ಮೇಲಿನ ರೋಮವಿಲ್ಲದ ಭಾಗವು ಕಪ್ಪಾಗುತ್ತದೆ. ಈ ಲಕ್ಷಣಗಳು ಕಂಡಾಗಲೇ ಬಟ್ಟಲನ್ನು ತುಂಬಿಸಿ, ತೇವಪ್ರಿಯ ಪ್ರಭೇದಗಳ ತಳಹಾಸಿಗೆ ನೀರು ಸೇರಿಸಬೇಕು. ದೇಹಕ್ಕೆ ಬೇಕಾದ ನೀರು ಮುಂಚಿತವಾಗಿ ಸಂಗ್ರಹವಾಗಿರಬೇಕೇ ಹೊರತು, ಕಳಚುವಿಕೆ ಆರಂಭವಾದ ಮೇಲೆ ನೀಡುವ ನೀರಿನಿಂದ ಹೆಚ್ಚಿನ ಪ್ರಯೋಜನವಿಲ್ಲ.

ಟ್ಯಾರಂಟುಲಾಗಳು ಸಾಮಾನ್ಯವಾಗಿ ಬೆನ್ನಡಿಯಾಗಿ ಮಲಗಿ ಪೊರೆ ಕಳಚುತ್ತವೆ. ಇದನ್ನು ಕಂಡ ಹೊಸಬರು ಜೇಡ ಸತ್ತಿತೆಂದು ತಿಳಿದು ಮುಟ್ಟುವುದು, ಮಗುಚುವುದು ಅಥವಾ ನೀರೆರಚುವುದು ಉಂಟು. ಇದರಿಂದ ಮೃದುವಾದ ಹೊಸ ದೇಹಕ್ಕೆ ಗಾಯವಾಗಬಹುದು. ಸತ್ತ ಜೇಡವು ಸಾಮಾನ್ಯವಾಗಿ ಬೆನ್ನಡಿಯಾಗಿ ಮಲಗದೆ, ನೆಟ್ಟಗೆ ಇದ್ದಂತೆಯೇ ಕಾಲುಗಳನ್ನು ಅಡಿಗೆ ಮುದುಡಿಕೊಂಡಿರುತ್ತದೆ. ಬೆನ್ನಡಿಯಾಗಿರುವ ಜೇಡವನ್ನು ಹಾಗೆಯೇ ಬಿಟ್ಟು, ಪೆಟ್ಟಿಗೆಯಲ್ಲಿರುವ ಜೀವಂತ ಕೀಟಗಳನ್ನು ಮಾತ್ರ ತೆಗೆಯಬೇಕು. ಪೊರೆ ಕಳಚಿದ ಬಳಿಕ ಜೇಡವು ಮೊದಲು ನೀರನ್ನೇ ಅರಸುವುದುಂಟು. ಬಿಳಿಯಾಗಿರುವ ವಿಷದಂತಗಳು ಗಟ್ಟಿಯಾಗಿ ಕಪ್ಪಾಗುವವರೆಗೆ ಆಹಾರ ನೀಡಬಾರದು, ನೀರು ಮಾತ್ರ ಸದಾ ಇರಬೇಕು.

ನಿರ್ಜಲೀಕರಣ

ಹೊಟ್ಟೆ ಕುಗ್ಗಿ ಸುಕ್ಕುಗಟ್ಟುವುದು, ನಡಿಗೆ ತಡವರಿಸುವುದು, ಬಟ್ಟಲಿನ ಬಳಿಯಿಂದ ಕದಲದಿರುವುದು ಮತ್ತು ಕಾಲುಗಳು ದೇಹದಡಿಗೆ ಮುದುಡುವುದು ನಿರ್ಜಲೀಕರಣದ ಲಕ್ಷಣಗಳು. ಕಾಲು ಮುದುಡುವುದು ಕೊನೆಯ ಹಂತದ ಸೂಚನೆ. ಆಗ ಜೇಡವನ್ನು ಮೆಲ್ಲನೆ ಆಳವಿಲ್ಲದ ಬಟ್ಟಲಿನ ಅಂಚಿಗೆ ತಂದು, ಬಾಯಿಯ ಭಾಗ ಮಾತ್ರ ನೀರಿಗೆ ತಾಗುವಂತೆಯೂ ಹೊಟ್ಟೆ ನೀರಿನ ಹೊರಗಿರುವಂತೆಯೂ ಇರಿಸಲಾಗುತ್ತದೆ. ಸಕಾಲದಲ್ಲಿ ನೀರು ದೊರೆತರೆ ಜೇಡ ಕೆಲವು ಗಂಟೆಗಳಲ್ಲಿ ಚೇತರಿಸಿಕೊಳ್ಳಬಹುದು. ಒದ್ದೆ ಕಾಗದ ಹಾಸಿದ ಮುಚ್ಚಿದ ಡಬ್ಬಿಯಲ್ಲಿ ಇಡುವ ಕ್ರಮವೂ ಇದೆ. ಆದರೆ ಕುಡಿಯಲು ನೀರು ದೊರೆಯದಿದ್ದರೆ ಅದರ ಉಪಯೋಗ ಸೀಮಿತ.

ಕಾಲು ಮುದುಡಲು ಗಾಯ, ವಿಷವಸ್ತು ಅಥವಾ ವಯಸ್ಸೂ ಕಾರಣವಾಗಬಹುದು. ಪ್ರೌಢಾವಸ್ಥೆ ತಲುಪಿದ ಗಂಡು ಜೇಡಗಳು ಹೆಣ್ಣುಗಳಿಗೆ ಹೋಲಿಸಿದರೆ ಅಲ್ಪಕಾಲ ಬದುಕುತ್ತವೆ. ಅವುಗಳ ಸಹಜ ಸಾವನ್ನು ನೀರಿನಿಂದ ತಡೆಯಲಾಗದು.

ಅತಿತೇವದ ತೊಂದರೆಗಳು

ತಳಹಾಸು ಕೆಸರಾದಾಗ ಬೂಷ್ಟು, ನುಸಿ ಮತ್ತು ಸಣ್ಣ ನೊಣಗಳು ಹೆಚ್ಚುತ್ತವೆ. ಜೇಡವು ನೆಲ ಬಿಟ್ಟು ದಿನಗಟ್ಟಲೆ ಗೋಡೆಯ ಮೇಲೆಯೇ ಇರುವುದು ತಳಹಾಸು ಅದಕ್ಕೆ ಒಗ್ಗಿಲ್ಲವೆಂಬುದರ ಸೂಚನೆಯಾಗಿರಬಹುದು. ಹೊಸ ಪೆಟ್ಟಿಗೆಗೆ ಬಂದ ಮೊದಲ ದಿನಗಳಲ್ಲಿ ಈ ವರ್ತನೆ ಸಹಜ. ಉಳಿದ ಆಹಾರವನ್ನು ತೆಗೆಯುವುದು, ತಳಹಾಸನ್ನು ಒಣಗಲು ಬಿಡುವುದು ಮತ್ತು ಗಾಳಿಯಾಟ ಹೆಚ್ಚಿಸುವುದು ಮೊದಲ ಪರಿಹಾರಗಳು. ತೇವ ಅನಿವಾರ್ಯವಾದ ಪೆಟ್ಟಿಗೆಗಳಲ್ಲಿ ಬೂಷ್ಟನ್ನು ತಿನ್ನುವ ಸ್ಪ್ರಿಂಗ್‌ಟೇಲ್ ಎಂಬ ಸೂಕ್ಷ್ಮ ಜೀವಿಗಳನ್ನು ಬಿಡುವ ಪದ್ಧತಿಯೂ ಇದೆ. ಕೀಟನಾಶಕಗಳನ್ನು ಯಾವ ಕಾರಣಕ್ಕೂ ಬಳಸಬಾರದು. ಅವು ಜೇಡವನ್ನೂ ಕೊಲ್ಲುತ್ತವೆ.

ಭಾರತದ ಪ್ರಭೇದಗಳು

ಭಾರತ ಮತ್ತು ಶ್ರೀಲಂಕಾಗಳಲ್ಲಿ ಮಾತ್ರ ಕಂಡುಬರುವ ಪೊಯಿಸಿಲೊಥೀರಿಯಾ ಕುಲದ ಟ್ಯಾರಂಟುಲಾಗಳು ಮರದ ಪೊಟರೆ ಮತ್ತು ತೊಗಟೆಯ ಸಂದುಗಳಲ್ಲಿ ವಾಸಿಸುತ್ತವೆ. ಪೊಯಿಸಿಲೊಥೀರಿಯಾ ಸ್ಟ್ರಯಾಟಾ ಪಶ್ಚಿಮ ಘಟ್ಟಗಳ ಪ್ರಭೇದ. ಕಡುನೀಲಿ ಬಣ್ಣದ ಪೊಯಿಸಿಲೊಥೀರಿಯಾ ಮೆಟಾಲಿಕಾ ಆಂಧ್ರಪ್ರದೇಶದ ಸೀಮಿತ ಅರಣ್ಯಪ್ರದೇಶದಲ್ಲಿ ಮಾತ್ರ ಉಳಿದಿದ್ದು, ತೀವ್ರ ಅಪಾಯದಂಚಿನಲ್ಲಿರುವ ಜೀವಿಯೆಂದು ಗುರುತಿಸಲ್ಪಟ್ಟಿದೆ. ಮುಂಗಾರಿನ ಮಳೆ ಮತ್ತು ಬೇಸಿಗೆಯ ಒಣಹವೆ ಎರಡನ್ನೂ ಎದುರಿಸುವ ಈ ಜೇಡಗಳಿಗೆ ಪೊಟರೆಯ ಒಳಗಿನ ತೇವವೇ ಆಸರೆ. ಸಾಕಣೆಯಲ್ಲಿ ಇವುಗಳಿಗೆ ನೆಟ್ಟಗೆ ನಿಲ್ಲಿಸಿದ ಟೊಳ್ಳು ತೊಗಟೆ, ಭಾಗಶಃ ತೇವವಿರುವ ತಳಹಾಸು ಮತ್ತು ನೀರಿನ ಬಟ್ಟಲನ್ನು ಒದಗಿಸಲಾಗುತ್ತದೆ.

ಬ್ರಾಕಿಪೆಲ್ಮಾ ಸ್ಮಿತಿ ಎಂಬ ಕೆಂಪುಮಂಡಿ ಪ್ರಭೇದವನ್ನು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ 1985ರಲ್ಲಿ ಸೇರಿಸಲಾಯಿತು. ಪೊಯಿಸಿಲೊಥೀರಿಯಾ ಕುಲವು 2019ರಲ್ಲಿ ಅದೇ ಅನುಬಂಧಕ್ಕೆ ಸೇರಿತು. ಭಾರತದ ವನ್ಯಜೀವಿ (ಸಂರಕ್ಷಣೆ) ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿಯು ಈ ಒಪ್ಪಂದದ ಅನುಬಂಧಗಳಲ್ಲಿರುವ ಜೀವಿಗಳನ್ನು ಇಟ್ಟುಕೊಳ್ಳುವುದಕ್ಕೂ ಮಾರುವುದಕ್ಕೂ ನಿಯಮಗಳನ್ನು ವಿಧಿಸಿದೆ. ಕಾಡಿನಿಂದ ಹಿಡಿದು ತಂದ ಜೇಡಗಳು ಸಾಗಣೆಯ ವೇಳೆ ನೀರಿಲ್ಲದೆ ಬಳಲಿರುವ ಸಾಧ್ಯತೆಯಿರುತ್ತದೆ. ಇಂತಹ ಜೇಡಗಳನ್ನು ರಕ್ಷಿಸಿದಾಗಲೂ ಆಹಾರಕ್ಕಿಂತ ಮೊದಲು ಕುಡಿಯುವ ನೀರು ಒದಗಿಸಬೇಕಾಗುತ್ತದೆ.